ಗುಬ್ಬಿಯ ಇಪ್ಪತ್ತು ಹುಡುಗಿಯರು

ಕ್ಯಾತ್ಸಂದ್ರದ ಖಾಸಗಿ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದ ರವೀಶನಿಗೆ ನಲವತ್ತೆರಡು ವರ್ಷ. ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿ ಐದನೇ ವರ್ಷ ನಡೆಯುತ್ತಿತ್ತು. ಕೋರ್ಸು ಇರುವುದು ಎರಡು ವರ್ಷದ್ದು. ವಿಶ್ವವಿದ್ಯಾಲಯದವರು ಐದು ವರ್ಷದವರೆಗೆ ಸಹಿಸಿಕೊಳ್ಳುತ್ತಾರೆ, ಆಮೇಲೆ ಹೆಸರು ಹೊಡೆದುಹಾಕುತ್ತಾರೆ. ಪತ್ರಿಕೆಗಳನ್ನೆಲ್ಲ ರವೀಶ ಹೇಗೋ ದಾಟಿದ್ದ. ಸಂಶೋಧನಾ ವಿಧಾನ ಎಂಬ ಪತ್ರಿಕೆ ಮಾತ್ರ ಎರಡು ಸಲ ಅವನನ್ನು ಕೆಡವಿ ಮೂರನೇ ಸಲ ತಾನೇ ಬೇಸತ್ತು ಬಿಟ್ಟುಕೊಟ್ಟಿತ್ತು. ಉಳಿದಿದ್ದದ್ದು ಕೊನೆಯ ಸೆಮಿಸ್ಟರಿನ ಕಿರುಪ್ರಬಂಧ ಒಂದೇ. ಅದು ಮುಗಿದರೆ ಜೂನ್ ತಿಂಗಳಿಂದ ಪಿಯುಸಿ ಮಕ್ಕಳಿಗೆ ಸಮಾಜಶಾಸ್ತ್ರ ಪಾಠ ಮಾಡಲು ಬಿಡುವುದಾಗಿ ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಹತ್ತೊಂಬತ್ತು ವರ್ಷ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿದ ಮನುಷ್ಯನಿಗೆ ಇದು ಸಣ್ಣ ಮಾತಲ್ಲ.

ಅವನ ಮಾರ್ಗದರ್ಶಕಿ ಡಾ. ನಂದಿತಾ ವಯಸ್ಸಿನಲ್ಲಿ ಅವನಿಗಿಂತ ಎಂಟು ವರ್ಷ ಚಿಕ್ಕವರು. ತುಮಕೂರಿನ ಅಧ್ಯಯನ ಕೇಂದ್ರದಲ್ಲಿ ಅವರ ಕೋಣೆಗೆ ಹೋಗುವಾಗ ರವೀಶ ಚಪ್ಪಲಿ ಹೊರಗೆ ಬಿಡುತ್ತಿದ್ದ. ಬಿಡಬೇಡಿ ಎಂದು ಅವರು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ.

"ಜಾಗತೀಕರಣ ಮತ್ತು ಭಾರತೀಯ ಸಮಾಜ," ಎಂದು ಅವನು ತಂದಿದ್ದ ವಿಷಯವನ್ನು ಅವರು ಓದಿದರು. "ರವೀಶ್ ಅವ್ರೇ, ಭಾರತ ಎಪ್ಪತ್ತು ಪುಟದಲ್ಲಿ ಹಿಡಿಯಲ್ಲ. ನಿಮ್ಮ ಕಣ್ಣೆದುರಿಗೆ ಇರೋದೇನಾದ್ರೂ ಹೇಳಿ."

ರವೀಶನ ಕಣ್ಣೆದುರಿಗೆ ತಕ್ಷಣ ಬಂದದ್ದು ಹೆಂಡತಿಯ ತವರು ಹುಲಿಯೂರುದುರ್ಗ. ಅಲ್ಲಿ ಅವಳ ದಾಯಾದಿಗಳ ಪೈಕಿ ನಾಲ್ಕು ಜನ ಗಂಡುಮಕ್ಕಳಿದ್ದರು. ತೆಂಗಿನ ತೋಟ, ರಾಗಿ ಹೊಲ, ಆರ್‌ಸಿಸಿ ಮನೆ, ಎಲ್ಲ ಇತ್ತು. ಮೂವತ್ತೈದು ದಾಟಿದ್ದರೂ ಒಬ್ಬನಿಗೂ ಹೆಣ್ಣು ಸಿಕ್ಕಿರಲಿಲ್ಲ. ಅದನ್ನು ಹೇಳಿದಾಗ ನಂದಿತಾ ಪೆನ್ನು ಕೆಳಗಿಟ್ಟರು.

"ಇದನ್ನ ಮಾಡಿ. ಆ ಹೋಬಳೀಲಿ ಮದುವೆಯಾಗದ ಅರವತ್ತು ಜನ ರೈತರನ್ನ ಮಾತಾಡ್ಸಿ. ಆಮೇಲೆ ಬೇರೆ ಊರಲ್ಲಿ ಓದಿರೋ ಇಪ್ಪತ್ತು ಹುಡುಗೀರ್ನ ಕೇಳಿ, ರೈತರನ್ನ ಮದುವೆ ಆಗೋದರ ಬಗ್ಗೆ ಅವರ ಅಭಿಪ್ರಾಯ ಏನು ಅಂತ. ಮೂರು ವಾರ ಟೈಮು. ಅದರ ಮೇಲೆ ಒಂದು ದಿನ ಕೇಳಿದ್ರೂ ನನ್ನ ಕೈಲಿಲ್ಲ, ನಿಮ್ಮ ಹೆಸರು ಹೋಗತ್ತೆ."

ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರು ಮನ್ಸೂರ್ ಅಲಿಯ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ತಾಲ್ಲೂಕು ಕಚೇರಿಗೆ ಹೋಗುವ ಅರ್ಜಿಗಳಲ್ಲಿ ಅರ್ಧ ಅವನ ಕೈಯಲ್ಲೇ ಹುಟ್ಟಿದವು. ಇಪ್ಪತ್ತೇಳು ಪ್ರಶ್ನೆಗಳ ಹಾಳೆಯನ್ನು ಅವನ ಮುಂದಿಟ್ಟು ರವೀಶ, "ಸ್ವಲ್ಪ ತೂಕವಾಗಿ ಕಾಣೋ ಹಾಗೆ ಮಾಡಿ ಸಾಬ್ರೇ" ಎಂದ. ತಪ್ಪು ಎಲ್ಲಿ ಶುರುವಾಯಿತು ಎಂದು ಕೇಳುವವರಿಗೆ ಉತ್ತರ ಈ ಮಾತಿನಲ್ಲಿದೆ.

"ಫೋಟೋ ಅಂಟ್ಸೋ ಜಾಗ ಇಲ್ದಿರೋ ಫಾರಂನ ಯಾರೂ ಲೆಕ್ಕಕ್ಕೇ ತಗೊಳಲ್ಲ ಸಾರ್," ಎಂದ ಮನ್ಸೂರ್. ಬಲಮೂಲೆಯಲ್ಲಿ ಒಂದು ಚೌಕ ಬಂತು. ಮೇಲೆ 'ಅರ್ಜಿ ಸಂಖ್ಯೆ' ಬಂತು, ಕೆಳಗೆ 'ಅಭ್ಯರ್ಥಿಯ ಸಹಿ' ಬಂತು. ಸಂಪರ್ಕಕ್ಕೆ ಎಂದು ರವೀಶ ತನ್ನ ಮೊಬೈಲ್ ನಂಬರು ಕೊಟ್ಟ. ಒಂದೇ ನಂಬರು ಬೋಳಾಗಿ ಕಂಡಿತು. ಹೆಂಡತಿಯ ನಂಬರನ್ನು 'ಕಚೇರಿ' ಎಂದು ಕೆಳಗೆ ಹಾಕಿಸಿದ. ಇಪ್ಪತ್ತೇಳನೆಯ ಪ್ರಶ್ನೆ ಮೊದಲಿಂದಲೂ ಇದ್ದದ್ದು: 'ನೀವು ಬಯಸುವ ಸಂಗಾತಿಯಲ್ಲಿ ಇರಬೇಕಾದ ಗುಣಗಳನ್ನು ತಿಳಿಸಿ.'

"ಹುಡುಗೀರ್ದೂ ಮಾಡ್ಬೇಕು ಅಂದ್ರಲ್ಲ," ಎಂದು ಮನ್ಸೂರ್ ಹಾಳೆ ಜೋಡಿಸುತ್ತ ಹೇಳಿದ. "ನನ್ ತಂಗಿ ಮಗಳು ಅಸ್ಫಿಯಾ ಗುಬ್ಬೀಲಿ ಕಂಪ್ಯೂಟರ್ ಸೆಂಟರ್ ನಡೆಸ್ತಾಳೆ. ಬರೀ ಹೆಣ್ಮಕ್ಳು. ಒಂದ್ ಮಾತು ಹೇಳ್ತೀನಿ."

ಅಸ್ಫಿಯಾ ಒಪ್ಪಿದಳು. ಮುಂದಿನ ವಾರದ ಭಾನುವಾರ ಹನ್ನೊಂದು ಗಂಟೆಗೆ ಇಪ್ಪತ್ತು ವಿದ್ಯಾರ್ಥಿನಿಯರು ಸಂದರ್ಶನಕ್ಕೆ ಸಿಗುತ್ತಾರೆ ಎಂದಳು.

ಸೋಮವಾರ ರಜೆ ಹಾಕಿ ರವೀಶ ಹುಲಿಯೂರುದುರ್ಗದಲ್ಲಿ ಅತ್ತೆಯ ಮನೆಯ ಜಗಲಿಯ ಮೇಲೆ ಮೇಜು ಹಾಕಿದ. ಅತ್ತೆ ಲಕ್ಷ್ಮೀದೇವಮ್ಮ ಅಳಿಯ ಏನೋ ಆಫೀಸು ತೆಗೆದಿದ್ದಾನೆ ಎಂಬ ಸಂಭ್ರಮದಲ್ಲಿ ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ಹೂವಿಟ್ಟರು. ಮದುವೆಯಾಗಿಲ್ಲ ಎಂದು ಬಾಯಿಬಿಟ್ಟು ಹೇಳಿಕೊಳ್ಳಲು ಯಾರಿಗೆ ಇಷ್ಟ? ಎರಡು ದಿನಕ್ಕೆ ಮೂರು ಫಾರಂ ತುಂಬಿತು. ಅದರಲ್ಲೊಬ್ಬ ಮದುವೆಯಾದವನು, ಬೇರೆ ಏನೋ ಯೋಜನೆ ಇರಬಹುದೆಂದು ತುಂಬಿದ್ದ. ಮಂಗಳವಾರ ಸಂಜೆ ರವೀಶ ಖಾಲಿ ಫಾರಂಗಳ ಕಟ್ಟನ್ನು ಪಕ್ಕದಲ್ಲಿಟ್ಟುಕೊಂಡೇ ಊಟಕ್ಕೆ ಕೂತ.

ಬುಧವಾರ ಚನ್ನವೀರಯ್ಯ ಬಂದರು. ಎಪ್ಪತ್ತರ ಹತ್ತಿರದ ಮುದುಕರು, ಊರಿನಲ್ಲಿ ಮಾತಿಗೆ ಬೆಲೆಯಿದ್ದವರು. ಮಗ ಸಂತೋಷನಿಗೆ ಮೂವತ್ತಾರಾಗಿತ್ತು. ಒಂಬತ್ತು ವರ್ಷದಲ್ಲಿ ಹದಿನೇಳು ಕಡೆ ಹೆಣ್ಣು ಕೇಳಿ ಬಂದಿದ್ದರು. ಅವರು ಫಾರಂ ಎತ್ತಿಕೊಂಡು ಫೋಟೋದ ಚೌಕವನ್ನು ಹೆಬ್ಬೆರಳಿಂದ ಒಮ್ಮೆ ಸವರಿ ನೋಡಿದರು.

"ಏನ್ ಸ್ವಾಮಿ ಇದು?"

"ಅವಿವಾಹಿತ ಕೃಷಿಕರ ಸಮಸ್ಯೆ ಬಗ್ಗೆ," ಎಂದ ರವೀಶ.

"ಸಮಸ್ಯೆ ನಮ್ಗೂ ಗೊತ್ತು, ಹೆಣ್ ಸಿಕ್ತಿಲ್ಲ. ಪರಿಹಾರ ಏನಾರ ಐತಾ?"

"ಪರಿಹಾರ ಐದನೇ ಅಧ್ಯಾಯದಲ್ಲಿ ಬರುತ್ತೆ."

ಚನ್ನವೀರಯ್ಯ ಸ್ವಲ್ಪ ಯೋಚಿಸಿದರು. "ಅದಿರ್ಲಿ. ಗಂಡುಗಳ ಫಾರಂ ಒಂದೇನಾ, ಇಲ್ಲಾ ಹೆಣ್ಗಳ್ದೂ ಐತಾ?"

"ಎರಡೂ ಇದೆ. ಒಂದೇ ಕಡೆಯವರನ್ನ ಕೇಳಿದ್ರೆ ಪೂರ್ಣ ಆಗಲ್ಲ. ಗುಬ್ಬೀಲಿ ಇಪ್ಪತ್ತು ಹುಡುಗೀರು ಒಪ್ಕೊಂಡಿದಾರೆ."

ಮುದುಕರು ಹೆಗಲ ಮೇಲಿದ್ದ ಟವೆಲನ್ನು ನಿಧಾನವಾಗಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಒಪ್ಕಂಡವ್ರಾ?"

"ಪೂರ್ತಿ ಮನಸ್ಸಿಂದ. ಬಲವಂತ ಮಾಡೋ ಹಾಗಿಲ್ಲ, ನಿಯಮ ಇದೆ."

"ಇವ್ರು ವ್ಯವಸಾಯದೋರು ಅಂತ ಗೊತ್ತಾ ಅವ್ರಿಗೆ?"

"ಗೊತ್ತಿದ್ದೇ ಒಪ್ಕೊಂಡಿರೋದು. ಎಲ್ಲ ಓದಿದ ಹುಡುಗೀರು. ಈ ಭಾನುವಾರ ಹನ್ನೊಂದು ಗಂಟೆಗೆ, ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಸೆಂಟರ್‌ನಲ್ಲಿ."

ಈ ಮಾತುಕತೆಯಲ್ಲಿ ರವೀಶ ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಚನ್ನವೀರಯ್ಯ ಎದ್ದು ಕೈಮುಗಿದರು. ಅವರ ಕಣ್ಣು ತುಂಬಿದ್ದನ್ನು ನೋಡಿ ರವೀಶ, ಸಂಶೋಧನೆಯ ಬಗ್ಗೆ ಹಳ್ಳಿಯ ಜನಕ್ಕೆ ಎಷ್ಟು ಗೌರವವಿದೆ ಎಂದು ಬೆರಗಾದ.

ಗುರುವಾರ ಬೆಳಗ್ಗೆ ಏಳಕ್ಕೆ ಲಕ್ಷ್ಮೀದೇವಮ್ಮ ಅವನನ್ನು ಅಲುಗಾಡಿಸಿ ಎಬ್ಬಿಸಿದರು. ಜಗಲಿಯಿಂದ ರಸ್ತೆಯ ತಿರುವಿನವರೆಗೆ ಜನ ನಿಂತಿದ್ದರು. ಸುತ್ತಲಿನ ಹಳ್ಳಿಗಳಿಂದ ಬೈಕಿನಲ್ಲಿ, ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಕೆಲವರು ಜಾತಕ ತಂದಿದ್ದರು, ಕೆಲವರು ಪಹಣಿಯ ನಕಲು ತಂದಿದ್ದರು, ಒಬ್ಬಾತ ಮನೆಯ ಹೊಸ ಬಚ್ಚಲಿನ ಫೋಟೋ ತಂದಿದ್ದ. ಅರವತ್ತು ಫಾರಂ ಹತ್ತೂವರೆಗೆ ಮುಗಿದು ಹೋಯಿತು. ಕುಣಿಗಲ್‌ನಿಂದ ಮನ್ಸೂರ್ ಫೋನ್ ಮಾಡಿದ. "ಸಾರ್, ನಿಮ್ ಫಾರಂ ಜೆರಾಕ್ಸ್ ಹೊಡೆದು ಹೊಡೆದು ಮಿಷನ್ ಬಿಸಿಯಾಗೋಯ್ತು. ಎಂ.ಎ.ಗೆ ಇಷ್ಟು ಡಿಮ್ಯಾಂಡ್ ಇದೆ ಅಂತ ನಂಗೆ ಗೊತ್ತಿರ್ಲಿಲ್ಲ."

"ಕೃಷಿಕ ಸಮುದಾಯದಲ್ಲಿ ಜಾಗೃತಿ ಮೂಡ್ತಾ ಇದೆ ಸಾಬ್ರೇ," ಎಂದ ರವೀಶ.

ಶುಕ್ರವಾರ ಸಂಜೆಗೆ ಫಾರಂ ನೂರಾ ನಲವತ್ತಮೂರಾಯಿತು. ಜೊತೆಗೆ ಎರಡು ಗೊನೆ ಎಳನೀರು, ಒಂದು ಹಲಸಿನ ಹಣ್ಣು, ಒಂದು ಡಬ್ಬಿ ಒಬ್ಬಟ್ಟು. ಬೇಡವೆಂದರೆ ಜನ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಯಾರೋ ಒಬ್ಬರು "ರಿಸಲ್ಟ್ ಯಾವಾಗ?" ಎಂದು ಕೇಳಿದ್ದಕ್ಕೆ ರವೀಶ ನಾಲ್ಕು ತಿಂಗಳು ಎಂದ. ಕೇಳಿದವನು, ಅಷ್ಟರಲ್ಲಿ ಮನೆಗೆ ಬಣ್ಣ ಹೊಡೆಸಬಹುದು ಎಂದು ಸಮಾಧಾನದಿಂದ ಹೋದ.

ಶನಿವಾರ ಬೆಳಗ್ಗೆ ಫಾರಂಗಳ ಕಟ್ಟನ್ನು ಹೊತ್ತು ರವೀಶ ನಂದಿತಾ ಅವರ ಮೇಜಿನ ಮುಂದೆ ನಿಂತ. ಶಭಾಸ್ ಎನ್ನಿಸಿಕೊಳ್ಳಬೇಕಾದ ಮುಖ ಅವನದು. ಅವರು ಮೊದಲ ಹತ್ತು ಫಾರಂ ಓದಿದರು. ಆಮೇಲೆ ಮಧ್ಯದಿಂದ ಹತ್ತು ತೆಗೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ರವೀಶ್ ಅವ್ರೇ, ಇವರಿಗೆಲ್ಲ ಇಪ್ಪತ್ತೊಂಬತ್ತೇ ವರ್ಷ ಹ್ಯಾಗಾಯ್ತು?"

ರವೀಶ ಬಗ್ಗಿ ನೋಡಿದ. ಹೌದು, ನೂರಕ್ಕೂ ಹೆಚ್ಚು ಜನಕ್ಕೆ ಇಪ್ಪತ್ತೊಂಬತ್ತು. ಫೋಟೋದಲ್ಲಿ ತಲೆ ಪೂರ್ತಿ ಬೋಳಾಗಿದ್ದವನಿಗೂ ಇಪ್ಪತ್ತೊಂಬತ್ತು. "ಅದು ಒಂದು ಪೀಳಿಗೆಯ ವಿಶಿಷ್ಟ ಲಕ್ಷಣ ಇರಬಹುದು ಮೇಡಂ."

"ಜಮೀನು ಕೂಡಿಸಿದ್ರೆ ಇಡೀ ಹೋಬಳಿಗಿಂತ ಜಾಸ್ತಿ ಬರತ್ತೆ. ಕೆರೆ, ಬೆಟ್ಟ ಎಲ್ಲ ಸೇರ್ಸಿ." ಅವರು ಇನ್ನೊಂದು ಹಾಳೆ ತೆಗೆದರು. "ಇದು ನೋಡಿ. ನಾಲ್ಕನೇ ಪ್ರಶ್ನೆ, ಜಾತಿ. ಇವರು 'ಹೊಂದಿಕೊಳ್ಳುತ್ತೇವೆ' ಅಂತ ಬರೆದಿದಾರೆ. ಇವರು 'ಹುಡುಗಿಯದು ಯಾವುದೋ ಅದೇ'. ಹತ್ತು ವರ್ಷದಿಂದ ಜಾತಿ ಮೇಲೆ ಕೆಲಸ ಮಾಡ್ತಿದೀನಿ, ಈ ಉತ್ತರ ನಾನು ಎಲ್ಲೂ ನೋಡಿಲ್ಲ." ಅವರ ದನಿ ತಣ್ಣಗಾಯಿತು. "ಇವರೆಲ್ಲ ನಿಮ್ಮನ್ನ ಯಾರು ಅಂದ್ಕೊಂಡಿದಾರೆ?"

ಅಷ್ಟರಲ್ಲಿ ರವೀಶನ ಫೋನ್ ಬಡಿದುಕೊಂಡಿತು. ಗಾಬರಿಯಲ್ಲಿ ಒತ್ತಿದ್ದು ಸ್ಪೀಕರಿನ ಗುಂಡಿ. ಹೆಂಡತಿ ಸುಧಾಳ ದನಿ ಕೋಣೆ ತುಂಬಿತು.

"ರೀ, ಬೆಳಗ್ಗಿಂದ ಹದಿನಾಲ್ಕು ಜನ ನಂಗೆ ಫೋನ್ ಮಾಡವ್ರೆ. ಕಚೇರಿ ಮೇಡಂ ಅಂತೆ ನಾನು. ಹುಡುಗೀಗೆ ಮಲ್ಲಿಗೆ ಇಷ್ಟಾನಾ, ಕನಕಾಂಬರ ಇಷ್ಟಾನಾ ಅಂತ ಒಬ್ರು ಕೇಳ್ತಾವ್ರೆ. ನಾಳೆ ಗುಬ್ಬಿಗೆ ಎರಡು ಟೆಂಪೋ ಟ್ರಾವೆಲರ್ ಹೊರಡ್ತವಂತೆ. ಏನ್ರೀ ನೀವು ಮಾಡ್ತಿರೋದು? ಎಂ.ಎ.ನಾ, ಮದುವೆ ಬ್ರೋಕರ್ ಕೆಲ್ಸಾನಾ?"

ರವೀಶನಿಗೆ ಬುಧವಾರದ ಮಾತುಕತೆ ಒಂದೊಂದೇ ಸಾಲಾಗಿ ನೆನಪಿಗೆ ಬಂತು, ಈ ಸಲ ಚನ್ನವೀರಯ್ಯನವರ ಕಿವಿಯಿಂದ.

ನಂದಿತಾ ಫಾರಂಗಳನ್ನು ಅವನ ಕಡೆ ತಳ್ಳಿದರು. "ಅವರಿಗೆ ನಿಜ ಹೇಳಿ. ಇವತ್ತೇ ಹೇಳಿ. ನಾಳೆ ನಾನೇ ಗುಬ್ಬಿಗೆ ಬಂದು ನೋಡ್ತೀನಿ. ಜನಕ್ಕೆ ಸುಳ್ಳು ಆಸೆ ತೋರಿಸಿ ತಗೊಂಡ ಮಾಹಿತಿ ಮೇಲೆ ನಾನು ಸಹಿ ಹಾಕಲ್ಲ. ಸಹಿ ಇಲ್ಲ ಅಂದ್ರೆ ನಿಮ್ಮ ಐದು ವರ್ಷ ಅಲ್ಲಿಗೆ ಮುಗೀತು."

ಹೊರಗೆ ಬಂದು ರವೀಶ ಮರದ ಕೆಳಗೆ ನಿಂತು ಚನ್ನವೀರಯ್ಯನವರಿಗೆ ಫೋನ್ ಮಾಡಿದ. ಆ ಕಡೆ ಗಲಾಟೆ, ಯಾರೋ ಇಸ್ತ್ರಿ ಮಾಡಿದ ಅಂಗಿ ಎಲ್ಲಿ ಎಂದು ಕೂಗುತ್ತಿದ್ದರು.

"ಯಜಮಾನ್ರೇ, ಒಂದು ವಿಷಯ. ನಮ್ಮ ನಡುವೆ ಗ್ರಹಿಕೆಯ ದೋಷ ಆಗಿದೆ."

"ಗ್ರಹದೋಷನಾ? ಗೊತ್ತು ಸ್ವಾಮಿ, ನಮ್ ಹುಡುಗಂಗೆ ಕುಜ ಇದ್ದ. ಶಾಂತಿ ಮಾಡ್ಸಾಯ್ತು. ಇನ್ನ್ ಮೂರ್ ಜನಕ್ಕೆ ಸಂಜೆ ಮಾಡ್ಸ್ತಾವ್ರೆ."

"ಅದಲ್ಲ. ಉದ್ದೇಶ ಬೇರೆ ಇತ್ತು. ಅಧ್ಯಯನದ ಚೌಕಟ್ಟಿನೊಳಗೆ..."

"ಚೌಕಟ್ಟು ಗೀಕಟ್ಟು ನಾವೇ ತರ್ತೀವಿ, ತಟ್ಟೇನೂ ತರ್ತೀವಿ. ನೀವು ಏನೂ ಯೋಚ್ನೆ ಮಾಡ್ಬ್ಯಾಡಿ." ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಬಿಜಿ. ಸಂಜೆಯವರೆಗೂ ಬಿಜಿ.

ಸುಧಾ ಅಂಗನವಾಡಿ ಟೀಚರು. ಅವಳಿಗೆ ರೇಗಿದರೆ ಪಾತ್ರೆ ಸದ್ದು ಮಾಡುತ್ತಿರಲಿಲ್ಲ, ಅವಳು ಮೆಲ್ಲಗೆ ಮಾತಾಡುತ್ತಿದ್ದಳು. ಅಂದು ಬಹಳ ಮೆಲ್ಲಗೆ ಮಾತಾಡಿದಳು. "ವರ್ಷಕ್ಕೆ ನಾಲ್ಕು ಸರ್ವೆ ನಾನೂ ಮಾಡ್ತೀನಿ. ಮನೆಮನೆಗೆ ಹೋಗಿ ಮಕ್ಕಳ ತೂಕದಿಂದ ಹಿಡಿದು ಕೋಳಿ ಲೆಕ್ಕದವರೆಗೆ ಬರ್ಕೊಂಡು ಬರ್ತೀನಿ. ಯಾರೂ ನಂಗೆ ಎಂ.ಎ. ಕೊಟ್ಟಿಲ್ಲ, ಯಾರೂ ನನ್ನ ಹತ್ರ ಹೆಣ್ಣೂ ಕೇಳಿಲ್ಲ. ನಾಳೆ ನಾನೂ ಬರ್ತೀನಿ. ನಿಮ್ಮನ್ನ ಒಬ್ರನ್ನೇ ಬಿಟ್ರೆ ಇನ್ನೂ ನಲವತ್ತು ಹುಡುಗೀರ್ನ ಒಪ್ಪಿಸ್ಬಿಡ್ತೀರ."

ಭಾನುವಾರ ಹತ್ತೂಮುಕ್ಕಾಲಿಗೆ ಗಂಡಹೆಂಡತಿ ಗುಬ್ಬಿಯಲ್ಲಿ ಬಸ್ಸಿಳಿದರು. ದಾರಿಯುದ್ದಕ್ಕೂ ರವೀಶ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದ್ದ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಗೆ ತಿರುಗಿದ ಕೂಡಲೇ ಅಷ್ಟೂ ಮರೆತುಹೋಯಿತು.

ಎರಡು ಟೆಂಪೋ ಟ್ರಾವೆಲರ್ ಅಲ್ಲ, ಮೂರು. ಮೂವತ್ತನಾಲ್ಕು ಜನ ವರರು, ಎಲ್ಲರದೂ ಬಿಳಿ ಅಂಗಿ, ಎಲ್ಲರ ತಲೆಯೂ ಇದ್ದಿಲಿನಷ್ಟು ಕಪ್ಪು. ಹುಲಿಯೂರುದುರ್ಗದ ಅಂಗಡಿಗಳಲ್ಲಿ ಶನಿವಾರ ಮಧ್ಯಾಹ್ನಕ್ಕೇ ಹೇರ್ ಡೈ ಖಾಲಿಯಾಗಿತ್ತೆಂದು ಆಮೇಲೆ ತಿಳಿಯಿತು. ಜೊತೆಗೆ ಅಪ್ಪಂದಿರು, ಅವ್ವಂದಿರು, ಹೂವು ಹಣ್ಣಿನ ತಟ್ಟೆಗಳು. ಕಂಪ್ಯೂಟರ್ ಸೆಂಟರಿನ ಕಬ್ಬಿಣದ ಗೇಟನ್ನು ಅಸ್ಫಿಯಾ ಒಳಗಿನಿಂದ ಎಳೆದು ಬೀಗ ಹಾಕಿದ್ದಳು. ಸರಳುಗಳ ಹಿಂದೆ ಇಪ್ಪತ್ತು ಹುಡುಗಿಯರು ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತಿದ್ದರು.

"ಇಂಟರ್‌ವ್ಯೂ ಅಂದಿದ್ರಲ್ಲ ಸಾರ್," ಎಂದಳು ಅಸ್ಫಿಯಾ ಗೇಟಿನ ಸಂದಿಯಿಂದ. "ಇದು ದಿಬ್ಬಣ."

ಡಾ. ನಂದಿತಾ ಆಗಲೇ ಬಂದು ಎದುರಿನ ಬೇಕರಿಯ ನೆರಳಲ್ಲಿ ಕೈಕಟ್ಟಿ ನಿಂತಿದ್ದರು. ಬೇಕರಿಯವನು ಬಿಳಿ ಅಂಗಿಗಳ ಗುಂಪು ನೋಡಿ ಏನೋ ಗಲಭೆ ಎಂದು ಪೊಲೀಸಿಗೆ ಫೋನ್ ಮಾಡಿದ್ದ. ಜೀಪಿನಿಂದ ಇಳಿದದ್ದು ಎಎಸ್ಐ ಮಂಜುಳಮ್ಮ, ಗಟ್ಟಿ ಹೆಂಗಸು. ಒಂದು ಸುತ್ತು ಕಣ್ಣಾಡಿಸಿ ಕೇಳಿದರು, "ಇದರಲ್ಲಿ ಬ್ರೋಕರ್ ಯಾರು?"

ಮೂವತ್ತನಾಲ್ಕು ವರರು ಸಂತೋಷವಾಗಿ ರವೀಶನನ್ನು ತೋರಿಸಿದರು.

ಅವನು ಗೇಟಿನ ಮುಂದಿನ ಮೆಟ್ಟಿಲು ಹತ್ತಿದ. "ಮಾನ್ಯರೇ, ಪ್ರಸ್ತುತ ಸಂದರ್ಭದಲ್ಲಿ ಒಂದು ಪರಿಕಲ್ಪನಾತ್ಮಕ..." ಎಂದು ಶುರುಮಾಡಿದ. ಕೆಳಗೆ ನಿಂತಿದ್ದ ಸುಧಾ ಸಣ್ಣಗೆ ಕೆಮ್ಮಿದಳು. ರವೀಶ ಅವಳ ಮುಖ ನೋಡಿದ. ಆಮೇಲೆ ಚನ್ನವೀರಯ್ಯನವರ ಮುಖ ನೋಡಿದ. ಮುದುಕರು ಹೊಸ ಪಂಚೆ ಉಟ್ಟಿದ್ದರು, ಅಂಗಡಿಯ ಚೀಟಿ ಇನ್ನೂ ತುದಿಯಲ್ಲಿತ್ತು.

"ನಾನು ಬ್ರೋಕರ್ ಅಲ್ಲ," ಎಂದ. "ಎಂ.ಎ. ಓದ್ತಾ ಇದೀನಿ. ನೀವು ತುಂಬಿದ್ದು ನನ್ನ ಪರೀಕ್ಷೆಗೆ ಬೇಕಾಗಿದ್ದ ಫಾರಂ. ಒಳಗಿರೋ ಹುಡುಗೀರು ಒಪ್ಕೊಂಡಿದ್ದು ನನ್ನ ಪ್ರಶ್ನೆಗೆ ಉತ್ತರ ಕೊಡೋಕೆ. ಮದುವೆಗಲ್ಲ. ನೀವು ತಪ್ಪು ತಿಳ್ಕೊಂಡ್ರಿ, ತಿಳ್ಕೊಳ್ಳೋ ಹಾಗೆ ಮಾತಾಡಿದ್ದು ನಾನು."

ಮುಂದಿನ ಸಾಲಿನವರು ತಿರುಗಿ ಚನ್ನವೀರಯ್ಯನವರ ಮುಖ ನೋಡಿದರು.

"ಅಂಗಾರೆ ಹೆಣ್ಣಿಲ್ವಾ?" ಎಂದರು ಚನ್ನವೀರಯ್ಯ.

"ಇಲ್ಲ ಯಜಮಾನ್ರೇ."

ಮುಂದಿನ ಸಾಲಿನಲ್ಲಿದ್ದ ದೊಡ್ಡ ಮೈಯವನೊಬ್ಬ ಎರಡೇ ಹೆಜ್ಜೆಯಲ್ಲಿ ಮೆಟ್ಟಿಲ ಹತ್ತಿರ ಬಂದು ರವೀಶನ ಕೊರಳಪಟ್ಟಿ ಹಿಡಿದ. "ನಮ್ಮೂರ್ಗೆಲ್ಲ ಹೇಳ್ಬುಟ್ಟು ಬಂದಿವ್ನಿ. ಈಗ ಏನ್ ಮುಖ ಹೊತ್ಕೊಂಡು ಹೋಗ್ಲಿ?" ಅವನ ಹಿಂದೆ ಹತ್ತಾರು ಬಿಳಿ ಅಂಗಿಗಳು ಮುಂದೆ ಸರಿದವು. ಮಂಜುಳಮ್ಮ ಲಾಠಿಯನ್ನು ಅಡ್ಡ ಹಿಡಿದು ನಡುವೆ ನಿಂತರು. ರವೀಶ ಬಿಡಿಸಿಕೊಳ್ಳಲು ನೋಡಲಿಲ್ಲ. ಹೊಡೆದರೆ ಹೊಡೆಯಲಿ, ಅದರಲ್ಲಿ ಅನ್ಯಾಯವೇನಿಲ್ಲ ಎಂದು ಅವನಿಗೆ ಅನ್ನಿಸಿತ್ತು.

ಆಗ ಗೇಟಿನ ಹಿಂದಿನಿಂದ ಒಂದು ಹೆಣ್ಣುದನಿ ಬಂತು. ಕನ್ನಡಕ ಹಾಕಿದ, ಬಡಕಲು ಹುಡುಗಿ, ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು.

"ಮೇಡಂ, ಇವರು ನಮ್ಮನ್ನ ನೋಡೋಕೆ ಅಷ್ಟು ದೂರದಿಂದ ಬಂದವ್ರೆ. ನಮ್ಮನ್ನ ಯಾರೂ ಒಂದ್ ಮಾತು ಕೇಳಿಲ್ಲ. ಇರ್ಲಿ. ನಾವೇ ಅವರನ್ನ ಎರಡು ಪ್ರಶ್ನೆ ಕೇಳ್ಬೋದಾ?"

ಮಂಜುಳಮ್ಮ ಹುಡುಗಿಯನ್ನು ನೋಡಿದರು, ಗುಂಪನ್ನು ನೋಡಿದರು. "ಕೇಳಮ್ಮ. ಗೇಟ್ ಮಾತ್ರ ತೆಗೀಬೇಡಿ." ದೊಡ್ಡ ಮೈಯವನ ಕೈ ತಾನಾಗಿ ಸಡಿಲವಾಯಿತು. ಹೆಣ್ಣೊಂದು ತನ್ನನ್ನು ಪ್ರಶ್ನೆ ಕೇಳುತ್ತದೆ ಎಂದಾಗ ಇನ್ನೊಬ್ಬರ ಕೊರಳಪಟ್ಟಿ ಹಿಡಿದು ನಿಲ್ಲುವುದು ಶೋಭೆಯಲ್ಲ ಎಂದು ಅವನಿಗೂ ಹೊಳೆಯಿತು. ಕಾಲರು ಸರಿಮಾಡಿದ, ತನ್ನದಲ್ಲ, ರವೀಶನದು.

"ನಿಮ್ಮ ಮನೇಲಿ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಏಳೋದು ಯಾರು?" ಎಂದಳು ಹುಡುಗಿ.

"ನಮ್ಮವ್ವ," ಎಂದ ಒಬ್ಬ. "ನಮ್ಮವ್ವ," "ನಮ್ಮವ್ವ," ಎಂದು ಸಾಲಿನುದ್ದಕ್ಕೂ ಹೋಯಿತು. ಇದು ಸುಲಭದ ಪ್ರಶ್ನೆ ಎಂದು ಎಲ್ಲರಿಗೂ ಧೈರ್ಯ ಬಂತು.

"ಕೊನೇಲಿ ಮಲಗೋದು?"

"ನಮ್ಮವ್ವ."

"ಮದುವೆ ಆದ್ಮೇಲೆ?"

ಟೆಂಪೋದ ಮೆಟ್ಟಿಲ ಮೇಲೆ ಕೂತಿದ್ದ ಹೊಂಬಾಳಮ್ಮ ಎಂಬ ಮುದುಕಿ, ದೊಡ್ಡ ಮೈಯವನ ತಾಯಿ, ತಟ್ಟೆಯನ್ನು ಪಕ್ಕಕ್ಕಿಟ್ಟು ಹೇಳಿದರು, "ಅದ್ಕೇ ಅಲ್ವೇನವ್ವ ಹೆಣ್ ಹುಡುಕ್ತಿರೋದು. ನಂಗೂ ಒಂದಿನ ವಸಿ ಹೊತ್ತು ಮಲಗ್ಬೇಕು."

ಹುಡುಗಿಯರು ನಕ್ಕರು. ಬೇರೆ ತಾಯಂದಿರೂ ನಕ್ಕರು. ಗಂಡಸರು ಮಾತ್ರ ನೆಲ ನೋಡಿದರು.

"ಒಬ್ರು 'ನಾನು' ಅಂದಂಗಿತ್ತು," ಎಂದಳು ಕನ್ನಡಕದ ಹುಡುಗಿ. "ಹಿಂದುಗಡೆಯಿಂದ. ಯಾರದು?"

ಎಲ್ಲರೂ ತಿರುಗಿದರು. ಸಂತೋಷ ಟೆಂಪೋದ ಹಿಂದೆ ಸರಿಯಲು ನೋಡಿದ. ಆಗಲಿಲ್ಲ. "ಅವ್ವ ತೀರ್ಕೊಂಡು ಹತ್ ವರ್ಷ ಆಯ್ತು," ಎಂದ. "ಮನೇಲಿ ನಾನೂ ಅಪ್ಪನೂ ಇಬ್ರೇ. ಅದ್ಕೇ ನಾನೇ ಏಳೋದು."

"ಅಡುಗೆ?"

"ನಾನೇ. ಸಾರು ಸುಮಾರಾಗಿ ಬರ್ತದೆ."

"ಉಪ್ಪು ಜಾಸ್ತಿ," ಎಂದರು ಚನ್ನವೀರಯ್ಯ. ಹೆಣ್ಣು ಕೇಳಲು ಬಂದ ಕಡೆ ಮಗನ ಬಗ್ಗೆ ಹೀಗೆ ಹೇಳಬಾರದೆಂಬುದು ಅವರಿಗೆ ಆಮೇಲೆ ನೆನಪಾಯಿತು.

"ನಾನು ಟ್ಯಾಲಿ ಕಲೀತಿದೀನಿ. ಮದುವೆ ಆದ್ರೂ ಕೆಲ್ಸಕ್ಕೆ ಹೋಗ್ತೀನಿ. ನಿಮ್ಮೂರಿಂದ ಹ್ಯಾಗೆ ಹೋಗೋದು?"

ಸಂತೋಷ ಅದನ್ನು ಗಂಭೀರವಾಗಿ ಯೋಚಿಸಿದ. "ಎಂಟೂ ಕಾಲಿಗೆ ಕುಣಿಗಲ್ ಬಸ್ ಐತೆ. ವಾಪಸ್ ಆರೂವರೆ. ಅದು ತಪ್ಪಿದ್ರೆ ಬೈಕಲ್ಲಿ ಬಂದು ಕರ್ಕೊಂಡೋಗ್ಬೇಕಾಯ್ತದೆ."

ಹುಡುಗಿ ತಲೆಯಾಡಿಸಿ ಪಕ್ಕಕ್ಕೆ ಸರಿದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಬಚ್ಚಲು ಮನೆಯೊಳಗಿದೆಯೋ ಹೊರಗಿದೆಯೋ ಎಂದಳು. ಮತ್ತೊಬ್ಬಳು, ವರದಕ್ಷಿಣೆ ಬೇಡ ಅನ್ನುವವರು ಕೈಯೆತ್ತಿ ಎಂದಳು. ಮೂವತ್ತನಾಲ್ಕೂ ಕೈ ಮೇಲೆ ಹೋದವು, ಅದರಲ್ಲಿ ಕೆಲವನ್ನು ಪಕ್ಕದಲ್ಲಿದ್ದ ಅಪ್ಪಂದಿರು ಮೆಲ್ಲಗೆ ಕೆಳಗಿಳಿಸಿದರು. ಒಂದೂವರೆ ಗಂಟೆ ಹೀಗೇ ನಡೆಯಿತು. ಅಸ್ಫಿಯಾ ಗೇಟಿನ ಸಂದಿಯಿಂದ ನೀರಿನ ಬಾಟಲಿ ಕೊಟ್ಟಳು. ವರರು ತಂದಿದ್ದ ಬಾಳೆಹಣ್ಣು ಅದೇ ಸಂದಿಯಿಂದ ಒಳಗೆ ಹೋಯಿತು. ಕೊನೆಗೆ ಮಂಜುಳಮ್ಮನವರು ಟೆಂಪೋಗಳನ್ನು ಎಣಿಸಿ ಹತ್ತಿಸಿ, ಗುಬ್ಬಿ ದಾಟುವವರೆಗೆ ಜೀಪಿನಲ್ಲಿ ಹಿಂದೆ ಹೋದರು. ಚನ್ನವೀರಯ್ಯ ಹೋಗುವಾಗ ರವೀಶನ ಕಡೆ ನೋಡಲಿಲ್ಲ. ಅದು ಕೊರಳಪಟ್ಟಿಗಿಂತ ಹೆಚ್ಚು ನೋವು ಕೊಟ್ಟಿತು.

ನಂದಿತಾ ರಸ್ತೆ ದಾಟಿ ಬಂದರು. ಅವರ ನೋಟ್‌ಬುಕ್ಕಿನ ಇಪ್ಪತ್ತು ಪುಟ ತುಂಬಿತ್ತು.

"ಆ ನೂರಾ ನಲವತ್ತಮೂರು ಫಾರಂ ಉಪಯೋಗಿಸೋ ಹಾಗಿಲ್ಲ," ಎಂದರು. "ಒಂದೊಂದನ್ನೂ ಅವರ ಮನೆಗೇ ಹೋಗಿ ವಾಪಸ್ ಕೊಡಿ. ಫೋಟೋ ಸಮೇತ. ಯಾಕೆ ಅಂತ ಬಾಯಲ್ಲಿ ಹೇಳಿ. ಆಮೇಲೂ ಯಾರಾದ್ರೂ ನಿಮ್ಮ ಹತ್ರ ಮಾತಾಡೋಕೆ ಒಪ್ಪಿದ್ರೆ ಹೊಸದಾಗಿ ಬರ್ಕೊಳ್ಳಿ. ಹನ್ನೆರಡು ದಿನ ಇದೆ."

ಆ ಹನ್ನೆರಡು ದಿನ ರವೀಶ ಜೀವಮಾನದಲ್ಲಿ ನಡೆಯದಷ್ಟು ನಡೆದ. ಕಡೆಯ ನಾಲ್ಕು ದಿನ ಸುಧಾಳೂ ರಜೆ ಹಾಕಿ ಜೊತೆಗೆ ಬಂದಳು. ಯಾವ ಮನೆಗೆ ಹಿತ್ತಲಿಂದ ಹೋಗಬೇಕು, ಯಾರನ್ನು ಮೊದಲು ಮಾತಾಡಿಸಬೇಕು ಎಂಬುದೆಲ್ಲ ಅವಳಿಗೆ ಗೊತ್ತಿತ್ತು, ಸಂಶೋಧನಾ ವಿಧಾನದ ಪುಸ್ತಕಕ್ಕೆ ಗೊತ್ತಿರಲಿಲ್ಲ. ಒಂಬತ್ತು ಮನೆಗಳಲ್ಲಿ ಬೈದರು. ಒಂದು ಮನೆಯಲ್ಲಿ ನಾಯಿ ಬಿಟ್ಟರು. ಆಗ ರವೀಶ ಎಳನೀರು ಕುಡಿದ ಋಣ ನೆನೆದು ಓಡಿದ. ದೊಡ್ಡ ಮೈಯವನ ಮನೆಯಲ್ಲಿ ಹೊಂಬಾಳಮ್ಮ ಕಾಫಿ ಕೊಟ್ಟರು. ಕಾಫಿ ಮಾಡಿದ್ದು ಮಗ ಎಂದು ಪಿಸುಗುಟ್ಟಿದರು. ಚೆನ್ನಾಗಿರಲಿಲ್ಲ.

ಚನ್ನವೀರಯ್ಯನವರ ಮನೆಗೆ ಕೊನೆಯಲ್ಲಿ ಹೋದ. ಮುದುಕರು ಫಾರಂ ಈಸಿಕೊಂಡು ಮಗನ ಫೋಟೋ ಕಿತ್ತು ಜೇಬಿಗಿಟ್ಟುಕೊಂಡರು.

"ಹದಿನೇಳು ಕಡೆ ಹೋಗಿದ್ದೆ," ಎಂದರು ಆಮೇಲೆ. "ಎಲ್ಲಾ ಕಡೆ ಜಮೀನು ಎಷ್ಟು ಅಂತ ಕೇಳಿದ್ರು. ಅಡುಗೆ ಬರ್ತದಾ ಅಂತ ಯಾರೂ ಕೇಳಿರ್ನಿಲ್ಲ. ಕೇಳ್ಬೇಕಾದ್ದು ಅದೇ ಅಂತ ನಂಗೂ ಗೊತ್ತಿರ್ನಿಲ್ಲ. ಬರ್ಕಳಿ ಸ್ವಾಮಿ, ನಮ್ ಹುಡುಗಂಗೆ ಮೂವತ್ತಾರು."

ಹಾಗೆ ಅರವತ್ತೊಂದು ಜನ ಮತ್ತೆ ಕೂತು ಮಾತಾಡಿದರು. ಈ ಸಲ ಯಾರಿಗೂ ಇಪ್ಪತ್ತೊಂಬತ್ತು ಇರಲಿಲ್ಲ. ಜಮೀನೆಲ್ಲ ಕುಗ್ಗಿ ತನ್ನ ಬೇಲಿಯೊಳಕ್ಕೆ ವಾಪಸಾಯಿತು. ಜಾತಿಯ ಕಾಲಮ್ಮು ಅರವತ್ತೊಂದರಲ್ಲೂ ತುಂಬಿತ್ತು, ಒಳಪಂಗಡದ ಸಮೇತ. ಗುಬ್ಬಿಯ ಹುಡುಗಿಯರೂ ಎಲ್ಲ ತಿಳಿದ ಮೇಲೆ ತಮ್ಮ ಮಾತುಗಳನ್ನು ಬಳಸಿಕೊಳ್ಳಲು ಸಹಿ ಹಾಕಿಕೊಟ್ಟರು. ಮದುವೆ ಏನಾದರೂ ನಡೆಯಿತೇ ಎಂದು ಕೇಳುವವರಿದ್ದಾರೆ. ನಡೆಯಲಿಲ್ಲ. ಕನ್ನಡಕದ ಹುಡುಗಿ ಟ್ಯಾಲಿ ಮುಗಿಸಿ ತುಮಕೂರಿನಲ್ಲಿ ಕೆಲಸಕ್ಕೆ ಸೇರಿದಳು.

ಪ್ರಬಂಧ ಗಡುವಿಗೆ ಎರಡು ಗಂಟೆ ಮುಂಚೆ ಸಲ್ಲಿಕೆಯಾಯಿತು. ನಂದಿತಾ ಸಹಿ ಹಾಕಿ ಪೆನ್ನನ್ನು ಅವನಿಗೇ ಕೊಟ್ಟುಬಿಟ್ಟರು.

ಮೌಖಿಕ ಪರೀಕ್ಷೆಗೆ ಬೇರೆ ಜಿಲ್ಲೆಯಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ಕಟ್ಟುನಿಟ್ಟಿಗೆ ಹೆಸರಾದವರು. ಅಂದು ಬೆಳಗ್ಗೆಯಿಂದ ಇಬ್ಬರನ್ನು ವಾಪಸ್ ಕಳಿಸಿದ್ದರು. ನಂದಿತಾ ಪಕ್ಕದ ಕುರ್ಚಿಯಲ್ಲಿದ್ದರು. ಪ್ರಾಧ್ಯಾಪಕರು ಮುಕ್ಕಾಲು ಗಂಟೆ ರವೀಶನನ್ನು ಬೆವರಿಳಿಸಿದರು. ಗೊತ್ತಿದ್ದಕ್ಕೆ ಅವನು ಹೇಳಿದ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ. ಗೊತ್ತಿಲ್ಲ ಎಂದಾಗಲೆಲ್ಲ ಪ್ರಾಧ್ಯಾಪಕರ ಹುಬ್ಬು ಮೇಲೇರಿತು. ಕೊನೆಗೆ ಅವರು ಅಂಕಪಟ್ಟಿ ಎಳೆದುಕೊಂಡು, ಪೆನ್ನಿನ ಕ್ಯಾಪು ತೆಗೆದು, ಬರೆಯದೆ ತಡೆದರು. ಬಾಗಿಲ ಕಡೆ ಒಮ್ಮೆ ನೋಡಿದರು.

"ಪ್ರಬಂಧಕ್ಕೆ ಸಂಬಂಧಪಟ್ಟಿದ್ದಲ್ಲ ಇದು," ಎಂದರು ದನಿ ತಗ್ಗಿಸಿ. "ನಮ್ಮ ಅಣ್ಣನ ಮಗ ಒಬ್ಬ ಇದಾನೆ. ಬಿ.ಎಸ್ಸಿ. ಅಗ್ರಿ. ಹತ್ತೆಕರೆ ತೋಟ. ಒಳ್ಳೆ ಹುಡುಗ. ಆ ಗುಬ್ಬಿ ಹುಡುಗೀರಲ್ಲಿ ಯಾರಾದ್ರೂ..."

ಪೆನ್ನು ಅಂಕಪಟ್ಟಿಯ ಮೇಲೆ ಒಂದು ಬೆರಳು ಎತ್ತರದಲ್ಲಿ ಕಾಯುತ್ತಿತ್ತು. ನಂದಿತಾ ಕಿಟಕಿಯ ಹೊರಗೆ ನೋಡತೊಡಗಿದರು. ರವೀಶ ನೋಡೋಣ ಸರ್ ಎಂದರೆ ಸಾಕಿತ್ತು, ಎರಡೇ ಶಬ್ದ.

"ಇಲ್ಲ ಸರ್," ಎಂದ.

ಪ್ರಾಧ್ಯಾಪಕರು ಅವನನ್ನು ದಿಟ್ಟಿಸಿ ನೋಡಿದರು. ಆಮೇಲೆ ಅಂಕಪಟ್ಟಿಯ ಮೇಲೆ ಏನೋ ಬರೆದು, ಮಡಿಸಿ, ಕವರಿನೊಳಗೆ ಹಾಕಿ ಅಂಟಿಸಿದರು. "ಸರಿ, ಹೋಗಿ. ಪಾಸು," ಎಂದರು, ಸ್ವಲ್ಪ ಮುನಿಸಿನಿಂದಲೇ.

ಹೊರಗೆ ಬೆಂಚಿನ ಮೇಲೆ ಸುಧಾ ಕಾಯುತ್ತಿದ್ದಳು. ಗಂಡನ ಮುಖದಿಂದ ಏನೂ ಗೊತ್ತಾಗದೆ ಎದ್ದು ನಿಂತಳು.

"ಏನಂದ್ರು?"

"ಹೆಣ್ಣು ಕೇಳಿದ್ರು," ಎಂದ ರವೀಶ. "ಇಲ್ಲ ಅಂದೆ. ಪಾಸು ಮಾಡಿದ್ರು."